ಅವ್ವನ ಹೆಬ್ಬೆರಳ ಉಗುರು

ನಮ್ಮವ್ವ ಒಂಬತ್ತು ಬೆರಳಿನ ಉಗುರು ತೆಗೆದುಕೊಳ್ಳುತ್ತಿದ್ದಳು. ಹತ್ತನೆಯದು, ಬಲಗೈ ಹೆಬ್ಬೆರಳಿನದು, ಹಾಗೇ ಇರುತ್ತಿತ್ತು. ಕಾರಹುಣ್ಣಿಮೆ ಕಳೆದ ಮೇಲೆ ಅದನ್ನು ಬೆಳೆಯಲು ಬಿಟ್ಟಳೆಂದರೆ ಮತ್ತೆ ಬ್ಲೇಡು ಮುಟ್ಟಿಸುತ್ತಿದ್ದುದು ದೀಪಾವಳಿ ದಾಟಿದ ಮೇಲೆಯೇ. ಆ ನಾಲ್ಕೈದು ತಿಂಗಳು ರೊಟ್ಟಿ ಬಡಿಯುವಾಗ ಉಗುರು ಹಿಟ್ಟಿಗೆ ತಾಗದಂತೆ ಹೆಬ್ಬೆರಳನ್ನು ಸ್ವಲ್ಪ ಮೇಲೆತ್ತಿ ಹಿಡಿಯುತ್ತಿದ್ದಳು. ಒಲೆಯ ಬೆಳಕಿನಲ್ಲಿ ಹಿಟ್ಟಿನ ಕೊಣಮಗಿಯ ಸುತ್ತ ತಿರುಗುತ್ತಿದ್ದ ಆ ಕೈ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನಾಲ್ಕು ಬೆರಳು ಬಡಿಯುತ್ತವೆ, ಐದನೆಯದು ಮೇಲಕ್ಕೆ ನಿಂತಿರುತ್ತದೆ.

ಯಾಕೆ ಹೀಗೆ ಎಂದು ನಾನು ಕೇಳಿದ್ದೇ ಇಲ್ಲ. ರಾಣೆಬೆನ್ನೂರಿನಿಂದ ಗುತ್ತಲದ ಕಡೆ ಹೋಗುವ ದಾರಿಯಲ್ಲಿರುವ ನಮ್ಮ ಊರಿನಲ್ಲಿ ಆಗ ಅರ್ಧದಷ್ಟು ಹೆಣ್ಣುಮಕ್ಕಳ ಕೈ ಹೀಗೇ ಇತ್ತು. ಎಲ್ಲರ ಮನೆಯಲ್ಲೂ ಇರುವುದನ್ನು ಯಾರು ಕೇಳುತ್ತಾರೆ?

ಅದರ ಅರ್ಥ ಪೂರ್ತಿ ತಿಳಿದದ್ದು ಧಾರವಾಡದಲ್ಲಿ. 1986ರ ಅಕ್ಟೋಬರ್‌ನಲ್ಲಿ ಅಲ್ಲಿ ಕೃಷಿ ವಿಶ್ವವಿದ್ಯಾಲಯ ಬೇರೆಯಾಗಿ ಶುರುವಾಗಿ ಎರಡು ಮೂರು ವರ್ಷ ಆಗಿತ್ತಷ್ಟೆ. ಸಸ್ಯತಳಿ ಶಾಸ್ತ್ರದ ಪುಸ್ತಕ ತೆರೆದು ಹತ್ತಿಯ ಪಾಠ ಓದುತ್ತಿದ್ದೆ. ಹತ್ತಿ ಹೂವಿನ ಗಂಡು ಭಾಗವನ್ನು ಕೈಯಿಂದ ತೆಗೆಯುವ ರೀತಿಗೆ ಡೋಕ್ ವಿಧಾನ ಎನ್ನುತ್ತಾರೆ, ಅಮೆರಿಕದ ವಿಜ್ಞಾನಿ ಡೋಕ್ 1934ರಲ್ಲಿ ಅದನ್ನು ಬರೆದಿಟ್ಟರು ಎಂದಿತ್ತು. ಮುಂದಿನ ಸಾಲಿನಲ್ಲಿ ಬೇಕಾದ ಸಲಕರಣೆ ಹೇಳಿತ್ತು. ಚಿಮಟ ಬೇಡ, ಕತ್ತರಿ ಬೇಡ, ಹೆಬ್ಬೆರಳಿನ ಉಗುರು ಸಾಕು. ಮೊಗ್ಗಿನ ಬುಡದಲ್ಲಿ ಉಗುರು ಊರಿ, ಸುತ್ತ ತಿರುಗಿಸಿ, ಎಸಳನ್ನೂ ಕೇಸರವನ್ನೂ ಒಟ್ಟಿಗೆ ಎತ್ತಬೇಕು.

ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಅವ್ವ ಓದು ಬರಹ ಬಾರದವಳು. ಆದರೆ ಆ ಪುಟದಲ್ಲಿದ್ದುದು ಅವಳ ಕೈ.

ಅಂದಿನಿಂದ ನಾನು ಎರಡು ಕತೆಗಳನ್ನು ಕೂಡಿಸುತ್ತ ಬಂದಿದ್ದೇನೆ. ಒಂದು ಧಾರವಾಡದಲ್ಲಿ ವರಲಕ್ಷ್ಮಿ ಎಂಬ ಹತ್ತಿ ಹುಟ್ಟಿದ ಕತೆ. ಇನ್ನೊಂದು ನಮ್ಮವ್ವನ ಕತೆ. ಕೂಡಿಸಿದಷ್ಟೂ ಅವು ಎರಡಲ್ಲ ಅನ್ನಿಸಿದೆ.

ಹತ್ತಿಯ ಕತೆ ಮೊದಲು ಹೇಳುತ್ತೇನೆ. ನಮ್ಮ ಎರೆ ಹೊಲದ ಹಳೆಯ ಹತ್ತಿ ಗಿಡ್ಡ ಎಳೆಯದು. ಕೈರಾಟೆಗೆ, ಗಾದಿ ದಿಂಬಿಗೆ, ಒರಟು ಬಟ್ಟೆಗೆ ಒಳ್ಳೆಯದು. ಗಿರಣಿಯ ನಯವಾದ ನೂಲಿಗೆ ಆಗಿಬರುವುದಿಲ್ಲ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆ ಬೇಕಾಗಿತ್ತು. ಅದಕ್ಕೆಂದೇ ಈಸ್ಟ್ ಇಂಡಿಯಾ ಕಂಪನಿ 1840ರ ದಶಕದಲ್ಲಿ ಅಮೆರಿಕದ ಹತ್ತಿ ಬೀಜವನ್ನೂ ಅಲ್ಲಿನ ಹತ್ತಿ ಬೆಳೆಗಾರರನ್ನೂ ಈ ಕಡೆಗೆ ಕರೆಸಿತು. ದೇಶದ ಬಹಳ ಕಡೆ ಆ ಬೀಜ ಸೋತಿತು, ಧಾರವಾಡ ಸೀಮೆಯಲ್ಲಿ ಬೇರು ಬಿಟ್ಟಿತು. ಅದಕ್ಕೆ ಧಾರವಾಡ–ಅಮೆರಿಕನ್ ಎಂದೇ ಹೆಸರು ಬಂತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಈ ಸೀಮೆಯ ಹತ್ತಿಗೆ ಹಿಂದೆಂದೂ ಇಲ್ಲದ ದರ ಸಿಕ್ಕಿತು.

ಹೊರಗಿನಿಂದ ಬಂದ ಆ ಹತ್ತಿ ದಶಕಗಟ್ಟಲೆ ಇಲ್ಲಿಯ ಬಿಸಿಲು ಕುಡಿದು, ಇಲ್ಲಿಯ ಬರ ತಡೆದು, ಇಲ್ಲಿಯದೇ ಆಯಿತು. ಅದರಿಂದ ಆರಿಸಿದ ತಳಿ ಗದಗ–1. ಗದಗ–1ನ್ನು ತಮಿಳುನಾಡಿನ ಕೊಯಮತ್ತೂರು–2ರ ಜೊತೆ ಕೂಡಿಸಿ ತೆಗೆದದ್ದು ಲಕ್ಷ್ಮಿ. ನಮ್ಮ ಅಜ್ಜನ ಕಾಲದ ರೈತರು ಲಕ್ಷ್ಮಿ ಹತ್ತಿಯನ್ನು ಮನೆ ಮಗಳಂತೆ ನಂಬಿದ್ದರು. ಗಟ್ಟಿ ಗಿಡ. ಮಳೆ ಹೆಚ್ಚು ಕಡಿಮೆಯಾದರೂ ಕೈಬಿಡುತ್ತಿರಲಿಲ್ಲ. ಆದರೆ ಅದರ ಎಳೆಯೂ ಮಧ್ಯಮ ಉದ್ದದ್ದೇ. ಸಣ್ಣ ನೂಲಿಗೆ ಬೇಕಾದ ಅತಿ ಉದ್ದ ಎಳೆಯ ಹತ್ತಿಯನ್ನು ಸ್ವಾತಂತ್ರ್ಯ ಬಂದ ಎಷ್ಟೋ ವರ್ಷದವರೆಗೂ ಭಾರತ ಈಜಿಪ್ಟ್, ಸುಡಾನ್‌ಗಳಿಂದ ದುಡ್ಡು ಕೊಟ್ಟು ತರಿಸಬೇಕಾಗಿತ್ತು.

ಆ ಉದ್ದ ಎಳೆ ಇರುವುದು ಬಾರ್ಬಡೆನ್ಸ್ ಎಂಬ ಬೇರೆಯೇ ಜಾತಿಯ ಹತ್ತಿಯಲ್ಲಿ. ಈಜಿಪ್ಟಿನ ಹತ್ತಿ, ಸೀ ಐಲ್ಯಾಂಡ್ ಹತ್ತಿ ಎಲ್ಲ ಅದೇ ಕುಲ. ರೇಷ್ಮೆಯಂಥ ಎಳೆ, ಆದರೆ ಗಿಡ ಬಲು ಸೂಕ್ಷ್ಮ. ನಮ್ಮ ಹೊಲಕ್ಕೆ ತಂದು ಬಿತ್ತಿದರೆ ಹುಳ ಹತ್ತುತ್ತದೆ, ತಡವಾಗಿ ಕಾಯಿ ಕಟ್ಟುತ್ತದೆ, ಇಳುವರಿ ಕೊಡುವುದಿಲ್ಲ. ಲಕ್ಷ್ಮಿಯ ಗಟ್ಟಿತನ ಮತ್ತು ಬಾರ್ಬಡೆನ್ಸ್‌ನ ಎಳೆ ಒಂದೇ ಗಿಡದಲ್ಲಿ ಬರುವಂತಿದ್ದರೆ! ಈ ಆಸೆಯೂ ಹೊಸದಲ್ಲ. ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದರೆ ಮೊದಲ ಪೀಳಿಗೆಯ ಗಿಡ ತಂದೆ ತಾಯಿ ಇಬ್ಬರನ್ನೂ ಮೀರಿ ಬೆಳೆಯುತ್ತದೆ ಎಂದು ಅಮೆರಿಕದ ಮೆಲ್ 1894ರಲ್ಲೇ ಬರೆದಿದ್ದರು. ಮೆಕ್ಕೆಜೋಳದಲ್ಲಿ ಈ ಗುಣವನ್ನು ಬಳಸಿಕೊಂಡು ಅಮೆರಿಕ 1930ರ ದಶಕದಿಂದಲೇ ಇಳುವರಿ ಹೆಚ್ಚಿಸಿಕೊಂಡಿತ್ತು. ಹತ್ತಿ ಮಾತ್ರ ಹಿಂದೆ ಉಳಿದಿತ್ತು.

ಕಾರಣ ಹೂವಿನಲ್ಲಿದೆ. ಮೆಕ್ಕೆಜೋಳದಲ್ಲಿ ಗಂಡು ಹೂ ಗಿಡದ ತುದಿಯಲ್ಲಿ, ಹೆಣ್ಣು ಹೂ ನಡುವೆ ತೆನೆಯಲ್ಲಿ. ತುದಿಯ ಸೂಲಂಗಿ ಮುರಿದು ಹಾಕಿದರೆ ಆ ಗಿಡ ಬರೀ ಹೆಣ್ಣಾಯಿತು, ಉಳಿದ ಕೆಲಸ ಗಾಳಿಯದು. ಹತ್ತಿಯ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದೇ ಹೂವಿನೊಳಗೆ, ಒಂದಕ್ಕೊಂದು ಅಂಟಿಕೊಂಡಂತೆ ಇವೆ. ಪರಾಗ ಭಾರ, ಅಂಟು, ಗಾಳಿಗೆ ಹಾರುವುದಿಲ್ಲ. ಒಂದೊಂದೇ ಮೊಗ್ಗನ್ನು ಕೈಯಲ್ಲಿ ಹಿಡಿದು, ಗಂಡು ಭಾಗ ತೆಗೆದು, ಮರುದಿನ ಬೇರೆ ಹೂವಿನ ಪರಾಗ ತಂದು ಮುಟ್ಟಿಸಬೇಕು. ಪ್ರಯೋಗಕ್ಕೆ ಹತ್ತು ಮೊಗ್ಗು ಹೀಗೆ ಮಾಡಬಹುದು. ಸಾವಿರಾರು ಎಕರೆಗೆ ಸಾಲುವಷ್ಟು ಬೀಜವನ್ನು ಹೀಗೆ ತಯಾರಿಸುವುದು ಆಗದ ಮಾತು ಎಂದು ಬಹಳ ದೇಶದವರು ಕೈಚೆಲ್ಲಿದ್ದರು. ಗಂಡು ಭಾಗ ತಾನಾಗಿ ಬಂಜೆಯಾಗುವ ಗಿಡ ಸಿಕ್ಕೀತೆ ಎಂದು ಹುಡುಕುತ್ತಿದ್ದರು.

ಭಾರತದಲ್ಲಿ ಮೊದಲು ಈ ಕಟ್ಟು ಬಿಚ್ಚಿದವರು ಸೂರತ್‌ನ ಹತ್ತಿ ಸಂಶೋಧನಾ ಕೇಂದ್ರದ ಡಾ. ಸಿ. ಟಿ. ಪಟೇಲ್. 1970ರಲ್ಲಿ ಅವರು ಹೈಬ್ರಿಡ್–4 ಎಂಬ ಹತ್ತಿಯನ್ನು ರೈತರಿಗೆ ಕೊಟ್ಟರು. ವ್ಯಾಪಾರಕ್ಕೆ ಬಂದ ಜಗತ್ತಿನ ಮೊದಲ ಹೈಬ್ರಿಡ್ ಹತ್ತಿ ಅದು. ಅದರ ತಂದೆ ತಾಯಿ ಇಬ್ಬರೂ ಅಮೆರಿಕನ್ ಹತ್ತಿ ಎಂದು ನಾವು ಕರೆಯುವ ಒಂದೇ ಜಾತಿಯವು. ಎರಡೇ ವರ್ಷದಲ್ಲಿ, 1972ರಲ್ಲಿ, ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಅವರು ಆರಿಸಿದ ತಾಯಿ ನಮ್ಮ ಲಕ್ಷ್ಮಿ. ತಂದೆ ಬಾರ್ಬಡೆನ್ಸ್ ಜಾತಿಯ ಎಸ್‌ಬಿ 289 ಇ. ಎರಡು ಬೇರೆ ಜಾತಿಗಳನ್ನು ಕೂಡಿಸಿ ಹೊಲಕ್ಕೆ ತಂದ ಮೊದಲ ಹೈಬ್ರಿಡ್ ಹತ್ತಿ ಇದು. ಅದೇ ವರಲಕ್ಷ್ಮಿ. ಅತಿ ಉದ್ದ ಎಳೆ ಈಗ ನಮ್ಮ ನೆಲದಲ್ಲೇ ಬೆಳೆಯಿತು. ತಾಯಿಯ ಹೆಸರು ಮಗಳ ಹೆಸರಿನೊಳಗೆ ಹಾಗೇ ಉಳಿದಿದೆ, ನೋಡಿ.

ಪಟೇಲರೂ ಕಾತರಕಿಯವರೂ ಕಂಡುಕೊಂಡದ್ದು ಬರೀ ಯಾವ ತಳಿಗೆ ಯಾವುದು ಜೋಡಿ ಎಂಬುದನ್ನಲ್ಲ. ಕೈಯಿಂದ ಆಗದು ಎಂದು ಜಗತ್ತು ಬಿಟ್ಟಿದ್ದ ಕೆಲಸ ಇಲ್ಲಿ ಕೈಯಿಂದಲೇ ಆಗುತ್ತದೆ ಎಂಬುದನ್ನು. ಆ ಕೈಗಳು ಎಲ್ಲಿದ್ದವು? ಗುಜರಾತಿನಲ್ಲಿದ್ದವು, ಮುಂದೆ ಆಂಧ್ರದಲ್ಲಿದ್ದವು. ಕರ್ನಾಟಕದಲ್ಲಿ ಬಹಳವಾಗಿ ನಮ್ಮ ರಾಣೆಬೆನ್ನೂರು, ಹಾವೇರಿ ಕಡೆಯ ಹಳ್ಳಿಗಳಲ್ಲಿದ್ದವು. ಬೀಜೋತ್ಪಾದನೆ ಎಂಬ ಶಬ್ದ ನಮ್ಮ ಊರಿನ ಹೆಣ್ಣುಮಕ್ಕಳ ಬಾಯಲ್ಲಿ ಹೊರಳಲಿಲ್ಲ. ಅವರು ಕ್ರಾಸಿಂಗ್ ಎಂದರು. ‘ಕ್ರಾಸಿಂಗ್‌ಗೆ ಹೊಂಟೀನಿ’ ಎಂದರೆ ಊರಿಗೆಲ್ಲ ತಿಳಿಯುತ್ತಿತ್ತು.

ಆ ಕೆಲಸವನ್ನು ನಾನು ಎಷ್ಟೋ ಸಂಜೆ ಬದುವಿನ ಮೇಲೆ ಕೂತು ನೋಡಿದ್ದೇನೆ. ಹೊಲದಲ್ಲಿ ಹೆಣ್ಣು ಗಿಡದ ಸಾಲು ಬಹಳ, ಗಂಡು ಗಿಡದ್ದು ಕಡಿಮೆ, ಅದೂ ಒಂದು ಪಕ್ಕಕ್ಕೆ. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಹೆಂಗಸರು ಹೆಣ್ಣು ಸಾಲಿಗೆ ಇಳಿಯುತ್ತಾರೆ. ಸೊಂಟಕ್ಕೆ ಕಟ್ಟಿದ ಚೀಲದಲ್ಲಿ ಕೆಂಪು ತೆಳು ಕಾಗದದ ಪುಟ್ಟ ಪುಟ್ಟ ಕೊಳವೆ. ನಾಳೆ ಅರಳುವ ಮೊಗ್ಗು ಯಾವುದು ಎಂದು ಅವ್ವನ ಕಣ್ಣಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಸುತ್ತಿನ ಹಸಿರು ಹೊದಿಕೆಯಿಂದ ಕೆನೆಬಣ್ಣದ ತುದಿ ಇಣುಕಿರಬೇಕು, ತುಂಬಿಕೊಂಡಿರಬೇಕು, ಬಿಚ್ಚಿರಬಾರದು. ಎಡಗೈಯಿಂದ ತೊಟ್ಟು ಹಿಡಿದು ಬಲಗೈ ಹೆಬ್ಬೆರಳಿನ ಉಗುರನ್ನು ಮೊಗ್ಗಿನ ಬುಡಕ್ಕೆ ಊರುವಳು. ಒಂದು ಸುತ್ತು. ಎಸಳು, ಅದರ ಜೊತೆ ಕೇಸರದ ಕೊಳವೆ, ಟೋಪಿಯಂತೆ ಇಡಿಯಾಗಿ ಮೇಲೆದ್ದು ಬರುತ್ತಿತ್ತು. ಒಳಗೆ ಬೆತ್ತಲೆ ನಿಲ್ಲುತ್ತಿದ್ದದ್ದು ಹಸಿರು ಗುಂಡು, ಅದರ ಮೇಲೆ ಒಂದು ಬಿಳಿ ಕಡ್ಡಿ. ಗುಂಡು ಮುಂದೆ ಕಾಯಾಗುವುದು. ಕಡ್ಡಿಯ ತುದಿ ಪರಾಗ ಕಾಯುವುದು.

ಗುಂಡಿನ ಸುತ್ತ ಈರುಳ್ಳಿಯ ಒಳಸಿಪ್ಪೆಗಿಂತ ತೆಳುವಾದ ಬಿಳಿ ಪೊರೆ ಇರುತ್ತದೆ. ಉಗುರು ಕೂದಲೆಳೆಯಷ್ಟು ಆಳ ಹೋದರೆ ಪೊರೆ ಹರಿಯುತ್ತದೆ, ಕಾಯಿ ನಾಲ್ಕು ದಿನಕ್ಕೆ ಉದುರುತ್ತದೆ. ಮೇಲೆಯೇ ನಿಂತರೆ ಒಂದೆರಡು ಕೇಸರ ಒಳಗೇ ಉಳಿಯುತ್ತವೆ, ತಾಯಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಬೀಜ ಕಲಬೆರಕೆಯಾಗುತ್ತದೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಉಗುರು ಗಿಡ್ಡವಾದರೆ ಹಿಡಿತ ಸಿಗದು, ಉದ್ದವಾದರೆ ಬಾಗುತ್ತದೆ. ಅವ್ವ ಬ್ಲೇಡಿನಿಂದ ಅದನ್ನು ಕಾಯಿಸೀಳಿನ ಹಾಗೆ ಒಂದು ಅಳತೆಗೆ ಒಪ್ಪ ಮಾಡಿಕೊಳ್ಳುತ್ತಿದ್ದಳು.

ಸುಲಿದ ಪ್ರತಿ ಮೊಗ್ಗಿಗೂ ಕೆಂಪು ಕಾಗದದ ಟೋಪಿ. ಸಂಜೆ ಮನೆಗೆ ಹೊರಟು ತಿರುಗಿ ನೋಡಿದರೆ ಹಸಿರು ಹೊಲದ ತುಂಬ ಕೆಂಪು ದೀಪ ಹಚ್ಚಿದಂತೆ ಕಾಣುತ್ತಿತ್ತು. ಮರುದಿನ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಎರಡನೆಯ ಕೆಲಸ. ಗಂಡು ಸಾಲಿನ ಹೂಗಳನ್ನು ಬುಟ್ಟಿಗೆ ಕಿತ್ತುಕೊಳ್ಳುವರು. ಲಕ್ಷ್ಮಿಯ ಹೂ ಕೆನೆಬಣ್ಣದ್ದು, ಗಂಡಿನ ಹೂ ಹಳದಿ, ಎಸಳಿನ ಬುಡದಲ್ಲಿ ಕುಂಕುಮವಿಟ್ಟಂತೆ ಕೆಂಪು ಚುಕ್ಕೆ. ಕೆಂಪು ಟೋಪಿ ತೆಗೆದು, ಹಳದಿ ಹೂವಿನ ಪರಾಗವನ್ನು ಬಿಳಿ ಕಡ್ಡಿಯ ತುದಿಗೆ ನಯವಾಗಿ ಸವರಿ, ಮತ್ತೆ ಟೋಪಿ ಹಾಕಿ, ತೊಟ್ಟಿಗೆ ಒಂದು ದಾರದ ಗಂಟು. ಹತ್ತಿ ಬಿಡಿಸುವಾಗ ಬೀಜಕ್ಕೆ ಲೆಕ್ಕ ದಾರವಿದ್ದ ಕಾಯಿಯದಷ್ಟೇ. ಬಿಸಿಲು ಏರಿದರೆ ಪರಾಗ ಸಾಯುತ್ತದೆ. ಹನ್ನೊಂದರ ಒಳಗೆ ಮುಗಿಯಬೇಕು. ಮಧ್ಯಾಹ್ನ ರೊಟ್ಟಿ ಕಟ್ಟಿಕೊಂಡು ಹೋದವರು ಮತ್ತೆ ಮೊಗ್ಗು ಸುಲಿಯಲು ನಿಲ್ಲುವರು. ಹೀಗೆ ಎರಡು ಎರಡೂವರೆ ತಿಂಗಳು, ಒಂದು ದಿನ ಬಿಡದೆ.

ಒಂದು ಲೆಕ್ಕ ಹೇಳುತ್ತೇನೆ. ನೂರು ಹತ್ತಿಕಾಳು ತೂಗಿದರೆ ಸುಮಾರು ಎಂಟು ಗ್ರಾಂ. ಒಂದು ಕಿಲೋಗೆ ಹನ್ನೆರಡು ಸಾವಿರದ ಮೇಲೆ ಕಾಳು. ಒಂದು ಕಾಯಲ್ಲಿ ಇಪ್ಪತ್ತೈದು ಕಾಳು ಎಂದು ಹಿಡಿದರೂ ಐದುನೂರು ಕಾಯಿ ಬೇಕು. ಸುಲಿದ ಮೊಗ್ಗೆಲ್ಲ ಕಾಯಾಗುವುದಿಲ್ಲ, ಅರ್ಧಕ್ಕಿಂತ ಹೆಚ್ಚು ಉದುರುತ್ತವೆ. ಅಂದರೆ ಒಂದು ಕಿಲೋ ಬೀಜಕ್ಕೆ ಸಾವಿರಕ್ಕೂ ಹೆಚ್ಚು ಮೊಗ್ಗು, ಪ್ರತಿ ಮೊಗ್ಗಿಗೂ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಕೈ ಮುಟ್ಟಬೇಕು. ಪೇಟೆಯಲ್ಲಿ ಕೈಗೆ ಬರುವ ಬೀಜದ ಚೀಲ ಎಷ್ಟು ಹಗುರ! ಅದರೊಳಗೆ ಇಷ್ಟು ಕೈಗಳಿವೆ.

ಇಂಥ ಕೆಲಸ ನಮ್ಮವ್ವನಿಗೆ ಹೇಗೆ ಒಗ್ಗಿತು ಎಂದು ಬಹಳ ಯೋಚಿಸಿದ್ದೇನೆ. ಕೂಲಿಗಾಗಿ ಹೋದಳು, ಅದು ನಿಜ. ಆದರೆ ಮನೆಯ ಹೊಲಕ್ಕೆ ಮಾಡುವಷ್ಟೇ ನಿಗಾದಿಂದ ಪರರ ಹೊಲಕ್ಕೂ ಮಾಡಿದಳು. ಆ ಗುಣ ಅವಳಿಗೆ ಬಂದದ್ದು ಈ ನೆಲದಿಂದ. ನಮ್ಮ ಕಡೆ ಮಳೆ ನಂಬುವಂಥದ್ದಲ್ಲ. ಹಿಂದಿನ ವರ್ಷ ಎತ್ತಿಟ್ಟ ಬೀಜವೇ ಮುಂದಿನ ವರ್ಷದ ಧೈರ್ಯ. ಸುಗ್ಗಿಯಲ್ಲಿ ಜೋಳದ ರಾಶಿ ಆಗುವ ಮೊದಲೇ ಅವ್ವ ಒಳ್ಳೆಯ ತೆನೆ ಆರಿಸಿ ಬೇರೆ ಇಡುತ್ತಿದ್ದಳು. ಹೆಸರು, ಅವರೆ, ಕುಸುಬಿ, ಬ್ಯಾಡಗಿ ಮೆಣಸಿನಕಾಯಿ, ಪ್ರತಿಯೊಂದಕ್ಕೂ ಒಂದು ಗಡಿಗೆ. ಒಳಗೆ ಬೂದಿ, ಬೇವಿನ ಎಲೆ. ಬಾಯಿಗೆ ಸಗಣಿ ಬಳಿದ ಮುಚ್ಚಳ. ಬೀಜದ ಗಡಿಗೆಯ ಕಾಳನ್ನು ಎಂಥ ಬರದಲ್ಲೂ ಉಣ್ಣಲು ತೆಗೆಯುತ್ತಿರಲಿಲ್ಲ. ‘ಹೊಟ್ಟಿಗೆ ಸಾಲ ತಂದರೂ ನಡೀತೇತಿ, ಬಿತ್ತಾಕ ಸಾಲ ತರಬಾರದು’ ಎನ್ನುತ್ತಿದ್ದಳು.

ಸೀಗಿ ಹುಣ್ಣಿಮೆಯ ಹೊತ್ತಿಗೆ ನಮ್ಮ ಕಡೆ ಪೈರು ತುಂಬಿ ನಿಂತಿರುತ್ತದೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂದು ಕಡುಬು, ಹೋಳಿಗೆ, ಪಲ್ಯದ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಕ್ರಾಸಿಂಗ್ ನಡೆಯುತ್ತಿದ್ದದ್ದೂ ಅದೇ ಹೊತ್ತಿನಲ್ಲಿ. ಒಂದು ವರ್ಷ ನಮ್ಮ ಹೊಲದಲ್ಲಿ ಚರಗ ಚೆಲ್ಲಿ, ಉಳಿದ ಬುತ್ತಿಯನ್ನು ಅವ್ವ ಕ್ರಾಸಿಂಗ್ ಹೊಲಕ್ಕೆ ಒಯ್ದಳು. ಕೆಂಪು ಟೋಪಿ ಹಾಕಿದ ಸಾಲಿನ ಬುಡಕ್ಕೂ ಒಂದು ಹಿಡಿ ಚೆಲ್ಲಿದಳು. ಅದು ನಮ್ಮ ಹೊಲವಲ್ಲ, ಆ ಬೀಜ ನಮ್ಮದಲ್ಲ. ಹಾಗೆ ನಾನು ಹೇಳಿದಾಗ ಅವಳು ಅಂದದ್ದು ಇಷ್ಟೇ: ‘ಬಸುರಿ ಯಾರ ಮನ್ಯಾಕಿ ಆದರೇನು ತಮ್ಮಾ, ಬಯಕಿ ಬಯಕೀನ ಅಲ್ಲೇನು?’

ಇಂಥವಳಿಗೆ ಒಂದು ಮಾತು ಮಾತ್ರ ಬಹಳ ದಿನ ಅರಗಲಿಲ್ಲ. ಹೈಬ್ರಿಡ್ ಬೀಜವನ್ನು ಎತ್ತಿಡುವಂತಿಲ್ಲ, ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕು ಎಂಬುದು. ತನ್ನ ಕೈಯಿಂದಲೇ ಹುಟ್ಟಿದ ಬೀಜ ಗಡಿಗೆ ಸೇರದೆಂದರೆ ಹೇಗೆ? ನಮ್ಮ ಸೋದರಮಾವ ಬಾವಿಯ ನೀರು ಹಾಯಿಸಿ ವರಲಕ್ಷ್ಮಿ ಬೆಳೆದಿದ್ದ. ಗಿಡ ಒಂದೇ ಎತ್ತರ, ಕಾಯಿ ಒಂದೇ ಗಾತ್ರ. ಹತ್ತಿ ಎಳೆದರೆ ಬೆರಳುದ್ದಕ್ಕೂ ನಯವಾಗಿ ಹರಿಯುತ್ತಿತ್ತು. ಆ ಹೊಲದಿಂದ ಅವ್ವ ಒಂದು ಬೊಗಸೆ ಹತ್ತಿ ತಂದು, ಕೈಯಲ್ಲೇ ಕಾಳು ಬಿಡಿಸಿ, ಬೂದಿ ಹಾಕಿ ಗಡಿಗೆಯಲ್ಲಿಟ್ಟಳು. ಮುಂದಿನ ಮುಂಗಾರಿಗೆ ಹಿತ್ತಲಿನಲ್ಲಿ ಮೂರು ಸಾಲು ಊರಿದಳು. ನಾನಾಗ ಐದನೇ ಇಯತ್ತೆ.

ಗಿಡ ಎದ್ದವು. ಒಂದು ನನ್ನ ತಲೆ ಮೀರಿ ಬೆಳೆದರೆ ಪಕ್ಕದ್ದು ಮೊಳಕಾಲು ದಾಟಲಿಲ್ಲ. ಹೂ ಬಿಟ್ಟ ದಿನ ಅವ್ವ ನನ್ನನ್ನು ಎಬ್ಬಿಸಿ ಹಿತ್ತಲಿಗೆ ಕರೆದೊಯ್ದಳು. ಒಂದು ಗಿಡದಲ್ಲಿ ಕೆನೆಬಣ್ಣದ ಹೂ, ಅಪ್ಪಟ ಲಕ್ಷ್ಮಿಯ ಹಾಗೆ. ಇನ್ನೊಂದರಲ್ಲಿ ಕಡು ಹಳದಿ, ಬುಡದಲ್ಲಿ ಕೆಂಪು ಚುಕ್ಕೆ. ಮತ್ತೊಂದರಲ್ಲಿ ನಸು ಹಳದಿ, ಚುಕ್ಕೆಯೇ ಇಲ್ಲ. ಕೆಲವು ಗಿಡ ಕಾಯಿ ಕಟ್ಟಲೇ ಇಲ್ಲ. ಕಟ್ಟಿದ ಕಾಯಿ ಬಿಚ್ಚಿದರೆ ಕೆಲವದರಲ್ಲಿ ಕಾಳು ಜೊಳ್ಳು. ‘ಯಾಕವ್ವಾ ಹಿಂಗ?’ ಎಂದೆ. ಅವ್ವ ಗಿಡದಿಂದ ಗಿಡಕ್ಕೆ ಹೋಗಿ ಹೂವಿನ ಮುಖ ನೋಡಿ ಬಂದು ಹೇಳಿದಳು: ‘ಮಾವನ ಹೊಲದಾಗಿದ್ದವು ಮಕ್ಕಳು. ಇವು ಮೊಮ್ಮಕ್ಕಳು. ಮೊಮ್ಮಕ್ಕಳೊಳಗ ಒಂದು ಅಜ್ಜನ್ನ ಹೋಲತೇತಿ, ಒಂದು ಅಜ್ಜೀನ್ನ ಹೋಲತೇತಿ, ಒಂದು ಯಾರನ್ನೂ ಹೋಲೂದಿಲ್ಲ.’

ಧಾರವಾಡದ ತರಗತಿಯಲ್ಲಿ ಮೆಂಡೆಲನ ಪಾಠ ಬಂದಾಗ ನನಗೆ ಆ ಹಿತ್ತಲು ನೆನಪಾಯಿತು. ಬ್ರ್ನೋ ನಗರದ ಮಠದ ತೋಟದಲ್ಲಿ ಬಟಾಣಿ ಬೆಳೆದು, ಎರಡನೆಯ ಪೀಳಿಗೆಯಲ್ಲಿ ಅಜ್ಜ ಅಜ್ಜಿಯರ ಗುಣ ಬೇರೆ ಬೇರೆಯಾಗಿ ಮರಳಿ ಬರುವುದನ್ನು ಎಣಿಸಿ 1866ರಲ್ಲಿ ಆತ ಪ್ರಕಟಿಸಿದ್ದ. ಹೈಬ್ರಿಡ್ ಬೀಜ ಎತ್ತಿಡಬಾರದೆಂಬುದಕ್ಕೆ ಕಾರಣ ಅದೇ. ಮೊದಲ ಪೀಳಿಗೆಯಲ್ಲಿ ಕೂಡಿದ್ದ ಗುಣಗಳು ಎರಡನೆಯದರಲ್ಲಿ ಹಂಚಿ ಹೋಗುತ್ತವೆ. ಎರಡು ಬೇರೆ ಜಾತಿ ಕೂಡಿದ್ದರಂತೂ ಇನ್ನೂ ಹೆಚ್ಚು ಚದುರುತ್ತವೆ. ಅವ್ವ ಎಣಿಸಲಿಲ್ಲ, ಬರೆಯಲಿಲ್ಲ. ಆದರೆ ಎರಡೂ ಹೂವಿನ ಮುಖ ಬಲ್ಲವಳು ಅವಳು, ಸಾವಿರ ಸಲ ಅವನ್ನು ಕೂಡಿಸಿದವಳು. ಹಿತ್ತಲಿನ ಮೂರು ಸಾಲಿನಲ್ಲಿ ತನಗೆ ಬೇಕಾದ ಉತ್ತರವನ್ನು ತಾನೇ ಕಂಡುಕೊಂಡಳು. ಆಮೇಲೆ ಹೈಬ್ರಿಡ್ ಬೀಜವನ್ನು ಎಂದೂ ಗಡಿಗೆಗೆ ಹಾಕಲಿಲ್ಲ. ಜೋಳ, ಕುಸುಬಿ, ಮೆಣಸಿನಕಾಯಿ ಬೀಜದ ಗಡಿಗೆಗಳನ್ನು ಎಂದೂ ಖಾಲಿ ಬಿಡಲೂ ಇಲ್ಲ.

ಈ ಕತೆಯಲ್ಲಿ ನೋವೂ ಇದೆ, ಅದನ್ನು ಬಿಟ್ಟು ಹೇಳಿದರೆ ಅವ್ವನಿಗೆ ಅನ್ಯಾಯವಾಗುತ್ತದೆ. ಕ್ರಾಸಿಂಗ್‌ಗೆ ಸಣ್ಣ ಬೆರಳು ಒಳ್ಳೆಯದು ಎಂಬ ಮಾತು ಹಳ್ಳಿಹಳ್ಳಿಗೂ ಹಬ್ಬಿತ್ತು. ಶ್ರಾವಣ ಬಂತೆಂದರೆ ಶಾಲೆಯ ಹುಡುಗಿಯರ ಸಾಲು ತೆಳುವಾಗುತ್ತಿತ್ತು. ನಮ್ಮಕ್ಕ ಏಳನೇ ಇಯತ್ತೆಗೆ ಶಾಲೆ ಬಿಟ್ಟಳು. ನಾನು ಧಾರವಾಡಕ್ಕೆ ಹೋಗಿ ಓದಿದ್ದು ಅವ್ವ ಮತ್ತು ಅಕ್ಕ ಇಬ್ಬರ ಕ್ರಾಸಿಂಗ್ ಕೂಲಿಯಿಂದ. ಬಾಲಕಾರ್ಮಿಕ ನಿಷೇಧದ ಕಾಯ್ದೆ ಬಂದದ್ದು 1986ರಲ್ಲಿ, ಅಕ್ಕನ ಕೈಗೆ ಅದು ತಡವಾಗಿತ್ತು; ಹೊಲದ ಈ ಕೆಲಸವನ್ನು ಅದು ಆಗ ನಿಷೇಧಿಸಲೂ ಇಲ್ಲ. ಅವ್ವ ತನ್ನ ಜೀವನದಲ್ಲಿ ತಪ್ಪಾಯಿತೆಂದು ಹೇಳಿಕೊಂಡದ್ದು ಅಕ್ಕನ ಶಾಲೆ ತಪ್ಪಿದ್ದೊಂದನ್ನೇ. ಅಕ್ಕನ ಮಕ್ಕಳಿಬ್ಬರನ್ನೂ ಒಂದು ದಿನವೂ ಶಾಲೆ ತಪ್ಪಿಸಲು ಬಿಡಲಿಲ್ಲ.

ವರಲಕ್ಷ್ಮಿಯ ನಂತರ 1981ರಲ್ಲಿ ಧಾರವಾಡದಿಂದಲೇ ಡಿಸಿಎಚ್–32 ಬಂತು, ಜಯಲಕ್ಷ್ಮಿ ಎಂದು ಹೆಸರಾಯಿತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಹಳೆಯ ಹೈಬ್ರಿಡ್‌ಗಳು ಹಿಂದೆ ಸರಿದವು. ಬಿಟಿ ಹೈಬ್ರಿಡ್ ಬೀಜವೂ ತಯಾರಾಗುವುದು ಬಹಳಮಟ್ಟಿಗೆ ಅದೇ ಉಗುರಿನಿಂದಲೇ. ರಾಣೆಬೆನ್ನೂರು ಬೀಜದ ಊರಾಯಿತು. ಹತ್ತಿಯಲ್ಲಿ ಪಳಗಿದ ಕೈಗಳು ಟೊಮ್ಯಾಟೊ, ಮೆಣಸಿನಕಾಯಿ, ಬೆಂಡೆಯ ಕ್ರಾಸಿಂಗ್‌ಗೂ ಇಳಿದವು. ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜೂ ಬಂದು, ನಾನು ಧಾರವಾಡದಲ್ಲಿ ಓದಿದ ಪಾಠವನ್ನು ಈಗ ನಮ್ಮ ತಾಲೂಕಿನ ಮಕ್ಕಳು ತಾಲೂಕಿನಲ್ಲೇ ಓದುತ್ತಾರೆ.

ಕಾಲೇಜು ರಜೆಯಲ್ಲಿ ಮನೆಗೆ ಬಂದು ಡೋಕ್ ವಿಧಾನದ ಆ ಪುಟವನ್ನು ಅವ್ವನಿಗೆ ಓದಿ ಹೇಳಿದ್ದೆ. ಅಮೆರಿಕದ ಒಬ್ಬರು ಇದನ್ನು ಬರೆದಿದ್ದಾರೆ ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ತನ್ನ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡಳು. ‘ಪೊರಿ ಹರೀಬಾರದು ಅಂತ ಬರದಾರೇನು?’ ಎಂದು ಕೇಳಿದಳು. ಬರೆದಿದ್ದಾರೆ ಎಂದೆ. ‘ಹಂಗಾರ ಬಲ್ಲವರ ಬರದಾರ’ ಎಂದಳು.

ಒಂದು ಆವಿಷ್ಕಾರಕ್ಕೆ ನಾವು ಒಬ್ಬರ ಹೆಸರು, ಒಂದು ಇಸವಿ ಬರೆದು ಮುಗಿಸುತ್ತೇವೆ. ಡಾ. ಕಾತರಕಿಯವರ ಹೆಸರು ಅಲ್ಲಿರಲೇಬೇಕು, 1972 ಎಂಬ ಇಸವಿಯೂ ಇರಬೇಕು. ಆದರೆ ವರಲಕ್ಷ್ಮಿಯನ್ನು ಸಂಶೋಧನಾ ಕೇಂದ್ರದ ಹೊಲದಿಂದ ರೈತನ ಹೊಲಕ್ಕೆ ತಂದದ್ದು ಹೆಸರಿಲ್ಲದ ಸಾವಿರಾರು ಹೆಣ್ಣುಮಕ್ಕಳ ಹೆಬ್ಬೆರಳು. ಮೊದಲ ವರಲಕ್ಷ್ಮಿಯ ಕ್ರಾಸಿಂಗ್‌ಗೆ ಹೋದ ಪೀಳಿಗೆಗೆ ಈಗ ಅರವತ್ತು ಎಪ್ಪತ್ತು ದಾಟಿದೆ. ನಮ್ಮವ್ವನಂತೆ ಎಷ್ಟೋ ಜನ ಹೋಗಿಬಿಟ್ಟಿದ್ದಾರೆ. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ, ಹಿರೇಕೆರೂರು ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಕೇಳಿಕೆ. ನಿಮ್ಮ ಮನೆಯಲ್ಲಿ ಕ್ರಾಸಿಂಗ್‌ಗೆ ಹೋದ ಅವ್ವ, ಅಮ್ಮ, ಅತ್ತಿ ಇದ್ದರೆ ಇವತ್ತೇ ಅವರ ಹತ್ತಿರ ಕೂತುಕೊಳ್ಳಿ. ಯಾವ ವರ್ಷ, ಯಾವ ಹೊಲ, ಎಷ್ಟು ಕೂಲಿ, ಮೊಗ್ಗು ಹೇಗೆ ಹಿಡಿಯುತ್ತಿದ್ದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ನಾನು ಬಹಳಷ್ಟನ್ನು ಕೇಳದೇ ಉಳಿದೆ. ನೀವು ಹಾಗೆ ಉಳಿಯಬೇಡಿ.